ತಕ್ಕಡಿ ನೆಟ್ಟಗಿದ್ದರೆ ಅದೇ ದೇಶಸೇವೆ

ಯುದ್ಧದ ಸುದ್ದಿ ಬಂತೆಂದರೆ ಸಾಕು, ಊರ ವರ್ತಕರ ಸಂಘಗಳಿಗೆ ಒಮ್ಮೆಲೇ ಜೀವ ಬರುತ್ತದೆ. ವರ್ಷವಿಡೀ ಕೋರಂ ಇಲ್ಲದೆ ಮುಂದೂಡಿಕೊಂಡು ಬಂದ ಸಭೆ ಅರ್ಧ ತಾಸಿನಲ್ಲಿ ಕೂಡುತ್ತದೆ. ಒಂದು ಖಂಡನಾ ನಿರ್ಣಯ, ಒಂದು ಅಭಿನಂದನಾ ನಿರ್ಣಯ, ಎರಡು ನಿಮಿಷದ ಮೌನ, ಆಮೇಲೆ ಚಹಾ. ಮರುದಿನ ಪೇಟೆಯಲ್ಲಿ ಪಟ್ಟಿ ಎತ್ತಲು ಹತ್ತು ಮಂದಿ ಹೊರಡುತ್ತಾರೆ. ಅದರ ಮರುದಿನ ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲ ಮೇಲೆ ಫೋಟೊ. ಚೆಕ್ಕು ಒಂದು, ಅದನ್ನು ಹಿಡಿದ ಕೈ ಹದಿನೈದು!

ಇದು ನಗೆಯಾಡಲಿಕ್ಕೆ ಹೇಳಿದ ಮಾತಲ್ಲ. ದೇಶಕ್ಕೆ ಕಷ್ಟ ಬಂದಾಗ ಗಲ್ಲಾಪೆಟ್ಟಿಗೆ ತೆರೆಯುವ ವ್ಯಾಪಾರಿಯನ್ನು ಹೀಯಾಳಿಸುವವರು ತಾವು ಎಷ್ಟು ಕೊಟ್ಟರೆಂದು ಮೊದಲು ಹೇಳಬೇಕಾಗುತ್ತದೆ. ಕೊಡುವವನು ಕೊಡಲಿ, ಫೋಟೊ ತೆಗೆಸಿಕೊಳ್ಳುವವನು ತೆಗೆಸಿಕೊಳ್ಳಲಿ. ಪ್ರಶ್ನೆ ಇಷ್ಟೆ: ಯುದ್ಧಕಾಲದಲ್ಲಿ ವರ್ತಕರ ಸಂಘದಿಂದ ದೇಶಕ್ಕೆ ನಿಜವಾಗಿ ಬೇಕಾಗಿರುವುದು ಏನು? ಚೆಕ್ಕೋ, ನಿರ್ಣಯವೋ, ಮೆರವಣಿಗೆಯೋ, ಅಥವಾ ಇವಾವುವೂ ಅಲ್ಲದ, ಫೋಟೊದಲ್ಲಿ ಕಾಣದ ಇನ್ನೊಂದೋ? ಹುಬ್ಬಳ್ಳಿ-ಧಾರವಾಡದಂಥ ವ್ಯಾಪಾರಿ ಊರುಗಳು ಈ ಪ್ರಶ್ನೆಯನ್ನು ಶಾಂತಿಯ ದಿನಗಳಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಸೈರನ್ ಕೂಗಿದ ಮೇಲೆ ಯಾರಿಗೂ ಯೋಚಿಸಲು ಪುರಸೊತ್ತು ಇರುವುದಿಲ್ಲ.

ಎಚ್ಚರಿಕೆ ಯಾರಿಗೆ?

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಶಿವಮೊಗ್ಗ, ಬೆಂಗಳೂರಿನ ಪ್ರವಾಸಿಗರೂ ಇದ್ದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ಆರಂಭವಾಯಿತು. ಮೇ 10ರಂದು ಕದನ ನಿಲುಗಡೆ ಸಾರಲಾಯಿತು. ನಾಲ್ಕೇ ದಿನ. ಆದರೆ ಆ ನಾಲ್ಕು ದಿನಗಳಲ್ಲಿ ಇದು ನಾಲ್ಕೇ ದಿನದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಪೆಟ್ರೋಲ್ ಸಿಗುವುದಿಲ್ಲ, ಎಟಿಎಂ ಮುಚ್ಚುತ್ತವೆ, ಅಕ್ಕಿ-ಬೇಳೆ ಮುಗಿಯುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಾಡಿತು.

ಆಗಲೇ, ಮೇ 9ರಂದು, ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿಯವರು ಒಂದು ಹೇಳಿಕೆ ಕೊಟ್ಟರು. ಜೋಶಿಯವರು ಹುಬ್ಬಳ್ಳಿಯವರೇ, ಧಾರವಾಡ ಕ್ಷೇತ್ರದ ಸಂಸದರೇ. ದೇಶದಲ್ಲಿ ಆಹಾರ ಧಾನ್ಯದ ದಾಸ್ತಾನು ಬೇಕಾದಷ್ಟಿದೆ, ಸುಳ್ಳು ಸುದ್ದಿ ನಂಬಬೇಡಿ ಎಂದು ಜನರಿಗೆ ಧೈರ್ಯ ಹೇಳಿದರು. ಅದೇ ಉಸಿರಿನಲ್ಲಿ, ಮಾಲು ಬಚ್ಚಿಟ್ಟರೆ ಅವಶ್ಯಕ ವಸ್ತುಗಳ ಕಾಯ್ದೆಯಡಿ ಕ್ರಮ ತಪ್ಪಿದ್ದಲ್ಲ ಎಂದು ವರ್ತಕರಿಗೆ ಎಚ್ಚರಿಕೆಯನ್ನೂ ಕೊಟ್ಟರು.

ಈ ಎರಡನೆಯ ಮಾತು ಯೋಚಿಸತಕ್ಕದ್ದು. ಗಡಿಗೆ ಹೋಗಪ್ಪಾ ಎಂದು ಸಿಪಾಯಿಗೆ ಯಾರೂ ಎಚ್ಚರಿಕೆ ಕೊಡಬೇಕಾಗಲಿಲ್ಲ. ರೈಲು ಓಡಿಸು ಎಂದು ಡ್ರೈವರನಿಗೆ, ಆಸ್ಪತ್ರೆ ಬಿಟ್ಟು ಹೋಗಬೇಡ ಎಂದು ನರ್ಸಮ್ಮನಿಗೆ ಯಾರೂ ಕಾಯ್ದೆ ತೋರಿಸಲಿಲ್ಲ. ಕಾಯ್ದೆ ತೋರಿಸಬೇಕಾಗಿ ಬಂದದ್ದು ವ್ಯಾಪಾರಿಗೆ. ಪ್ರಾಮಾಣಿಕ ವರ್ತಕರಿಗೆ ಇದು ಅವಮಾನ ಎನಿಸಿದರೆ ಅದು ಸಹಜವೇ. ಹಾಗಿದ್ದರೆ ಆ ಮಾತು ಮಂತ್ರಿಯ ಬಾಯಿಂದ ಬರುವ ಮೊದಲು ಸಂಘದ ಬಾಯಿಂದ ಬರಬೇಕು. “ನಮ್ಮ ಸದಸ್ಯರಾರೂ ಮಾಲು ಅಡಗಿಸಿಡುವುದಿಲ್ಲ. ಇಟ್ಟವರು ಕಂಡರೆ ನಮಗೆ ತಿಳಿಸಿರಿ” ಎಂಬ ಎರಡು ಸಾಲನ್ನು ಸಂಘವೇ ಬರೆದು ಪೇಟೆಯ ಬಾಗಿಲಿಗೆ ಹಚ್ಚಿದರೆ, ಅದು ಐದು ಲಕ್ಷದ ಚೆಕ್ಕಿಗಿಂತ ದೊಡ್ಡ ಕಾಣಿಕೆ.

ಯಾಕೆಂದರೆ ಯುದ್ಧ ಬಂದಾಗ ಓಣಿಯ ಕಿರಾಣಿ ಅಂಗಡಿಯ ಮುಂದೆ ನಡೆಯುವ ಮಾತು ಎಲ್ಲರಿಗೂ ಗೊತ್ತಿದ್ದದ್ದೇ.

“ಏನ್ರೀ ಸಾವ್ಕಾರ, ಮೊನ್ನೆ ಒಂದು ರೇಟು, ಇವತ್ತೊಂದು ರೇಟು?”

“ಯುದ್ಧ ನಡದೈತಲ್ರೀ ಅಕ್ಕಾರ. ಮ್ಯಾಲಿಂದ ಮಾಲ ಬರವಲ್ದು.”

“ಮೊನ್ನೆ ಬಂದ ಮಾಲು ಇನ್ನೂ ಚೀಲದಾಗ ಐತಲ್ರೀ?”

ಇದಕ್ಕೆ ಸಾವ್ಕಾರನಲ್ಲಿ ಉತ್ತರವಿರುವುದಿಲ್ಲ. ಹಾಗೆಂದು ತಪ್ಪೆಲ್ಲ ಅವನದೂ ಅಲ್ಲ. ಓಣಿಯ ಅಂಗಡಿಯವನಲ್ಲಿ ಎಂಟು ದಿನದ ಮಾಲು ಇದ್ದರೆ ಹೆಚ್ಚು. ಅವನಿಗೆ ರೇಟು ಹೇಳುವವರು ಸಗಟು ವ್ಯಾಪಾರಿಗಳು. ಗೋದಾಮು ಅವರದು, ಲಾರಿ ಅವರದು, ಫೋನೂ ಅವರದು. ಮಾಲು ಇವತ್ತು ಬಿಡುವುದೋ, ನಾಲ್ಕು ದಿನ ತಡೆಯುವುದೋ ಎಂದು ತೀರ್ಮಾನಿಸುವವರು ಅವರು. ಸಂಘದ ವೇದಿಕೆಯ ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂರುವವರೂ ಬಹುತೇಕ ಅವರೇ. ಗಿರಾಕಿಯ ಬೈಗಳು ಮಾತ್ರ ಓಣಿಯ ಅಂಗಡಿಯವನ ಪಾಲಿಗೆ. ಆದ್ದರಿಂದ ರೇಟು ಹಿಡಿದು ನಿಲ್ಲಿಸುವ ಕೆಲಸ ಒಬ್ಬೊಬ್ಬ ಅಂಗಡಿಯವನಿಂದ ಆಗದು, ಸಂಘದಿಂದ ಮಾತ್ರ ಆದೀತು. ಸಂಘ ಇರುವುದೇ ಅದಕ್ಕೆ.

ಉರಿಯುವ ಮನೆಯ ಗಳ

ಉರಿಯುವ ಮನೆಯಲ್ಲಿ ಗಳ ಹಿರಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದರ ಅರ್ಥ ಎಷ್ಟು ಭಯಂಕರವಾದೀತು ಎಂಬುದಕ್ಕೆ 1943ರ ಬಂಗಾಲವನ್ನು ನೆನೆದರೆ ಸಾಕು. ಎರಡನೆಯ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನಿನ ಪಾಲಾಗಿ ಅಲ್ಲಿಂದ ಬರುವ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬ್ರಿಟಿಷ್ ಸರಕಾರ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ಕಿತ್ತುಕೊಂಡಿತು. ಜನರ ಹೊಟ್ಟೆಗಿಂತ ಯುದ್ಧದ ಕೆಲಸಕ್ಕೆ ಮೊದಲ ಪಾಲು ಎಂದಿತು. ತಪ್ಪಿನ ದೊಡ್ಡ ಗಂಟು ಸರಕಾರದ್ದೇ. ಆದರೆ ಉಳಿದದ್ದು ಯಾರದು?

ಬರಗಾಲದ ವಿಚಾರಣೆಗೆ ನೇಮಕವಾದ ಆಯೋಗ 1945ರಲ್ಲಿ ವರದಿ ಕೊಟ್ಟಿತು. ಸುಮಾರು 15 ಲಕ್ಷ ಜನ ಸತ್ತರೆಂದು ಅದರ ಲೆಕ್ಕ. ಅದು ಕಡಿಮೆಯಾಯಿತು, ಸತ್ತವರು 30 ಲಕ್ಷದವರೆಗೂ ಇದ್ದಾರು ಎನ್ನುವುದು ಆಮೇಲಿನ ವಿದ್ವಾಂಸರ ಮಾತು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಆ ವರ್ಷ ಅಕ್ಕಿಯ ಕೊಳ್ಳುವಿಕೆ-ಮಾರಾಟದಲ್ಲಿ ಆದ ಹೆಚ್ಚುವರಿ ಲಾಭ 150 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ಹೆಣಕ್ಕೆ ಒಂದು ಸಾವಿರ ರೂಪಾಯಿ ಲಾಭ! ಈ ಭಾಗಾಕಾರ ಮಾಡಿದವರು ಯಾವುದೋ ಕೆಂಪು ಬಾವುಟದ ಪಕ್ಷದವರಲ್ಲ, ಬ್ರಿಟಿಷ್ ಸರಕಾರವೇ ನೇಮಿಸಿದ ಆಯೋಗದವರು.

ಅದೇ ಕಲ್ಕತ್ತದಲ್ಲಿ ವರ್ತಕ ಸಮುದಾಯದ ಸಂಸ್ಥೆಗಳು ಗಂಜಿ ಕೇಂದ್ರಗಳನ್ನೂ ನಡೆಸಿದವು. ಅವುಗಳಿಂದ ಬದುಕಿದವರೂ ಉಂಟು. ಅದು ಸುಳ್ಳಲ್ಲ. ಆದರೆ ಗೋದಾಮಿನ ಬೀಗ ಸಕಾಲದಲ್ಲಿ ತೆಗೆದಿದ್ದರೆ ಗಂಜಿಯ ಸರತಿ ಅಷ್ಟುದ್ದ ಬೆಳೆಯುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ಸೌಟು. ಯುದ್ಧಕಾಲದ ವ್ಯಾಪಾರಿ ದಾನವನ್ನು ತೂಗುವಾಗ ಎರಡೂ ಕೈ ನೋಡಬೇಕಾಗುತ್ತದೆ.

ಚಿನ್ನ ಕೊಟ್ಟವರು, ಕೆಲಸ ಕಳಕೊಂಡವರು

1962ರ ಅಕ್ಟೋಬರ್ 20ರಂದು ಚೀನಾ ದಂಡೆತ್ತಿ ಬಂದಾಗ ದೇಶದ ತುಂಬ ಎದ್ದ ಉತ್ಸಾಹವನ್ನು ಕಂಡ ಹಿರಿಯರು ಈಗಲೂ ಅಲ್ಲಲ್ಲಿ ಇದ್ದಾರೆ. ರಾಷ್ಟ್ರೀಯ ರಕ್ಷಣಾ ನಿಧಿ ಹುಟ್ಟಿದ್ದು ಆ ವರ್ಷವೇ. ಹೆಂಗಸರು ಕೈಬಳೆ ಬಿಚ್ಚಿ ಕೊಟ್ಟರು. ಸರಕಾರ ಚಿನ್ನದ ಬಾಂಡುಗಳನ್ನು ಹೊರಡಿಸಿತು. ಎರಡೇ ತಿಂಗಳಲ್ಲಿ, 1963ರ ಜನವರಿಯಲ್ಲಿ, ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ.

ಈ ನಿಯಮದ ಏಟು ಬಿದ್ದದ್ದು ಯಾರಿಗೆ? ತಿಜೋರಿಯಲ್ಲಿ ಗಟ್ಟಿ ಇಟ್ಟವರಿಗಿಂತ ಹೆಚ್ಚಾಗಿ ಕುಲುಮೆಯ ಮುಂದೆ ಕೂತ ಪತ್ತಾರನಿಗೆ. 14 ಕ್ಯಾರೆಟ್ಟಿನ ಒಡವೆ ಯಾರಿಗೂ ಬೇಡವಾಗಿತ್ತು. ಊದುಗೊಳವೆ ಮೂಲೆಗೆ ಬಿತ್ತು. ದೇಶದ ಉದ್ದಗಲಕ್ಕೂ ಲಕ್ಷಾಂತರ ಅಕ್ಕಸಾಲಿಗರ ಮನೆಯ ಒಲೆ ಆರಿತು. ಆತ್ಮಹತ್ಯೆಗಳೂ ಆದವು. 14 ಕ್ಯಾರೆಟ್ಟಿನ ಕಟ್ಟು ಮುಂದೆ ಸಡಿಲಾದರೂ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯಾಗಿಯೇ ನಿಂತಿತು. ಅದು ರದ್ದಾದದ್ದು 1990ರಲ್ಲಿ. ಯುದ್ಧ ನಡೆದದ್ದು ಒಂದು ತಿಂಗಳು, ನಿಯಂತ್ರಣ ಉಳಿದದ್ದು 27 ವರ್ಷ.

ಇದರಿಂದ ವರ್ತಕರ ಸಂಘಗಳು ಕಲಿಯಬೇಕಾದ ಪಾಠ ಒಂದಿದೆ. ಯುದ್ಧದ ಭಾರ ಮೇಲಿನವರ ತಲೆಯ ಮೇಲೆ ಹೂವಿನಂತೆ ಇಳಿಯುತ್ತದೆ, ಕೆಳಗಿನವರ ತಲೆಯ ಮೇಲೆ ಕಲ್ಲಿನಂತೆ ಬೀಳುತ್ತದೆ. ಲಾರಿ ನಿಂತರೆ ಮೊದಲು ಹಸಿಯುವವನು ಅಮರಗೋಳ ಮಾರುಕಟ್ಟೆಯ ಹಮಾಲ. ಸಂಜೆ ಎಂಟಕ್ಕೇ ದೀಪ ಆರಿಸಿ ಎಂದರೆ ಮೊದಲು ಸೋಲುವವನು ದುರ್ಗದಬೈಲಿನ ತಳ್ಳುಗಾಡಿಯವನು. ರಕ್ಷಣಾ ನಿಧಿಗೆ ಚೆಕ್ಕು ಬರೆಯುವ ದಿನವೇ ಸಂಘ ತನ್ನ ಅಂಗಳದ ಈ ಮಂದಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನಿಸಿಕೊಳ್ಳಬಾರದು.

ಇನ್ನೊಂದು ಪಾಠವನ್ನು 1965 ಕಲಿಸಿತು. ಹೈದರಾಬಾದಿನ ನಿಜಾಮರು 5,000 ಕಿಲೋ ಚಿನ್ನವನ್ನು ದೇಶಕ್ಕೆ ದಾನ ಮಾಡಿದರೆಂಬ ಕಥೆ ಅವರ ಹಳೆಯ ರಾಜ್ಯದ ಭಾಗವಾಗಿದ್ದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಈಗಲೂ ಓಡಾಡುತ್ತದೆ. ನಿಜ ಸಂಗತಿ ಬೇರೆ. ಮೀರ್ ಉಸ್ಮಾನ್ ಅಲಿ ಖಾನರು ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ ಹಾಕಿದ್ದು 425 ಕಿಲೋ. ಅದೂ ದಾನವಲ್ಲ, ಬಡ್ಡಿ ಬರುವ ಹೂಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಕಷ್ಟಕಾಲದಲ್ಲಿ ಸರಕಾರಕ್ಕೆ ಸಾಲ ಕೊಡುವುದೂ ಸಹಾಯವೇ. ಆದರೆ ಸಾಲವನ್ನು ಸಾಲವೆನ್ನಬೇಕು, ದಾನವನ್ನು ದಾನವೆನ್ನಬೇಕು. ಕೀರ್ದಿ-ಖತಾವಣಿ ಬರೆದು ಬದುಕುವ ವರ್ತಕರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ.

ಸದ್ದಿಲ್ಲದೆ ಕೊಟ್ಟವರ ಕಥೆಯೂ ಅದೇ ಕಾಲದ್ದು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಕೇಳಿದಾಗ ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ಒಂದು ಸಂಜೆಯ ವ್ಯಾಪಾರ ಕಳೆದುಕೊಳ್ಳುವುದೆಂದರೆ ಏನೆಂಬುದು ಹೋಟೆಲಿನವರಿಗೇ ಗೊತ್ತು. 1971ರಲ್ಲಿ ಪೂರ್ವ ಬಂಗಾಲದಿಂದ ಒಂದು ಕೋಟಿಯಷ್ಟು ನಿರಾಶ್ರಿತರು ಬಂದಾಗ ಟಪಾಲಿನ ಮೇಲೆ ಐದು ಪೈಸೆಯ ಹೆಚ್ಚುವರಿ ಸ್ಟಾಂಪು ಹಚ್ಚಬೇಕಾಯಿತು. ಅಣ್ಣನಿಗೆ ಕಾಗದ ಬರೆದ ತಂಗಿಯೂ, ಕಂಪನಿಗೆ ಆರ್ಡರು ಕಳಿಸಿದ ವ್ಯಾಪಾರಿಯೂ ಅದೇ ಐದು ಪೈಸೆ ಕೊಟ್ಟರು. ಆ ಐದು ಪೈಸೆಯ ದಾನಿಯ ಫೋಟೊ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಬಾವುಟ ಎಲ್ಲಿಯದು?

ಯುದ್ಧ ಬಂದಾಗ ಪೇಟೆಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಮಾಲು ಬಾವುಟ. ಅಂಗಡಿಗೊಂದು, ಗಾಡಿಗೊಂದು, ಮೆರವಣಿಗೆಗೆ ಸಾವಿರ. ಎಲ್ಲಿಂದ ಬರುತ್ತವೆ ಇವು? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರ ನವೆಂಬರ್ 1ರಂದು ಹುಟ್ಟಿದ ಸಂಸ್ಥೆ. ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಊರು ಇದು. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ದಾರದ ಎಣಿಕೆ ತಪ್ಪಿದರೆ, ಚಕ್ರ ಒಂದು ಎಳೆ ಆಚೀಚೆಯಾದರೆ ಧ್ವಜ ತಿರಸ್ಕೃತ. ಅಷ್ಟು ಕಟ್ಟುನಿಟ್ಟು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಅಗ್ಗದ ಬಾವುಟ ಪೇಟೆಗೆ ನುಗ್ಗಿತು. ಬೆಂಗೇರಿಯ ಬೇಡಿಕೆಗೆ ಪೆಟ್ಟು ಬಿತ್ತು. ಕೆಲಸಗಾರರು ಬೀದಿಗಿಳಿದು ಅಳಲು ತೋಡಿಕೊಂಡರು. ಕಾನೂನು ಒಪ್ಪಿದ ಮಾಲನ್ನು ಮಾರುವುದು ಅಪರಾಧವಲ್ಲ, ನಿಜ. ಆದರೆ ಎದೆಯ ಮೇಲೆ ಧ್ವಜದ ಬಿಲ್ಲೆ ಸಿಕ್ಕಿಸಿಕೊಂಡು ಮೆರವಣಿಗೆ ಹೊರಡುವ ಸಂಘಗಳು, ಮೂರು ಮೈಲು ದೂರದ ಹೆಣ್ಣುಮಕ್ಕಳು ನೇಯ್ದ ಧ್ವಜ ಬಿಟ್ಟು ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ನೂಲಿನ ಬಾವುಟ ತರಿಸಿದರೆ ಅದಕ್ಕೆ ಏನೆನ್ನಬೇಕು? ಮೆರವಣಿಗೆ ಮುಗಿದ ಮೇಲೆ ಚರಂಡಿಯ ಬಾಯಲ್ಲಿ ಸಿಕ್ಕಿಕೊಳ್ಳುವುದೂ ಅದೇ ಬಾವುಟ. ಸಾವಿರ ಪಾಲಿಯೆಸ್ಟರಿನ ಬದಲು ನೂರು ಖಾದಿ ಕೊಂಡರೆ ಧ್ವಜಕ್ಕೂ ಮಾನ, ನೇಯ್ದವರಿಗೂ ಕೂಲಿ.

ಹೆಸರಿನ ಮೇಲೆ ಯುದ್ಧ

2025ರ ಮೇ 16ರಂದು ದೆಹಲಿಯಲ್ಲಿ ಅಖಿಲ ಭಾರತ ವರ್ತಕರ ಒಕ್ಕೂಟದ ಸಭೆ ಸೇರಿತು. ಪಾಕಿಸ್ತಾನದ ಬೆನ್ನಿಗೆ ನಿಂತ ಟರ್ಕಿ, ಅಜರ್‌ಬೈಜಾನ್ ದೇಶಗಳೊಡನೆ ವ್ಯಾಪಾರ ಬೇಡವೆಂದು ನಿರ್ಣಯ ಮಾಡಿತು. ಪುಣೆಯ ಹಣ್ಣಿನ ವರ್ತಕರು ಟರ್ಕಿಯ ಸೇಬು ಬೇಡವೆಂದರು. ಉದಯಪುರದ ಅಮೃತಶಿಲೆ ವರ್ತಕರು ಅಲ್ಲಿಯ ಕಲ್ಲು ತರಿಸುವುದಿಲ್ಲವೆಂದರು. ಈ ನಿರ್ಣಯಗಳಿಂದ ಟರ್ಕಿಗೆ ಎಷ್ಟು ನೋವಾಯಿತು ಎಂಬುದು ಬೇರೆ ಮಾತು. ಆದರೆ ಒಂದನ್ನು ಒಪ್ಪಲೇಬೇಕು. ಸೇಬಿನವನು ಸೇಬಿನ ಲಾಭ ಬಿಟ್ಟ, ಕಲ್ಲಿನವನು ಕಲ್ಲಿನ ಲಾಭ ಬಿಟ್ಟ. ತನ್ನ ಗಂಟನ್ನು ಬಿಚ್ಚಿದವನಿಗೆ ಮಾತಾಡುವ ಹಕ್ಕು ಉಂಟು.

ಅದೇ ತಿಂಗಳು ಇನ್ನೊಂದು ಜಾತಿಯ ದೇಶಭಕ್ತಿಯೂ ಕಂಡಿತು. ಜೈಪುರದ ಮಿಠಾಯಿ ಅಂಗಡಿಯಲ್ಲಿ ಮೈಸೂರು ಪಾಕಿಗೆ ಮೈಸೂರು ಶ್ರೀ ಎಂದು ನಾಮಕರಣವಾಯಿತು! ಪಾಕವೆಂದರೆ ಸಕ್ಕರೆಯ ಪಾಕ, ಅದಕ್ಕೂ ಗಡಿಯಾಚೆಗೂ ಯಾವ ನಂಟೂ ಇಲ್ಲ ಎಂಬುದನ್ನು ಮೈಸೂರಿನ ಒಂದನೇ ತರಗತಿಯ ಹುಡುಗ ಹೇಳಿಯಾನು. ಇದಕ್ಕಾದರೆ ನಕ್ಕು ಸುಮ್ಮನಿರಬಹುದು. ನಗಲು ಬಾರದ್ದೂ ನಡೆಯಿತು. ಹೈದರಾಬಾದಿನಲ್ಲಿ ಕರಾಚಿ ಬೇಕರಿಯ ಅಂಗಡಿಯೊಂದಕ್ಕೆ ಗುಂಪು ನುಗ್ಗಿ ಬೋರ್ಡಿಗೆ ಹೊಡೆಯಿತು. ದೇಶ ಒಡೆದಾಗ ಎಲ್ಲ ಬಿಟ್ಟು ಬಂದ ಸಿಂಧಿ ವರ್ತಕರು 1953ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಬೇಕರಿ ಅದು. ಕಳೆದುಕೊಂಡ ಊರಿನ ಹೆಸರನ್ನು ಬೋರ್ಡಿನ ಮೇಲೆ ಉಳಿಸಿಕೊಂಡದ್ದೇ ಅಪರಾಧವಾಯಿತು. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ಬಳಿಕ, ಬೆಂಗಳೂರಿನ ಇಂದಿರಾನಗರದ ಅಂಗಡಿಯವರೂ ಅದೇ ಹೆಸರನ್ನು ಬಟ್ಟೆಯಿಂದ ಮುಚ್ಚಬೇಕಾಗಿ ಬಂದಿತ್ತು.

ಇಂಥ ಹೊತ್ತಿನಲ್ಲಿ ವರ್ತಕರ ಸಂಘದ ಕೆಲಸವೇನು? ತನ್ನ ಜಾತಿಯವನೋ, ತನ್ನ ಧರ್ಮದವನೋ ಎಂದು ನೋಡದೆ ಆ ಅಂಗಡಿಯ ಮೆಟ್ಟಿಲ ಮೇಲೆ ಅಧ್ಯಕ್ಷ, ಕಾರ್ಯದರ್ಶಿ ಹೋಗಿ ನಿಲ್ಲುವುದು. ಹುಬ್ಬಳ್ಳಿಯ ಪೇಟೆಯಲ್ಲಿ ಲಿಂಗಾಯತರ ಅಂಗಡಿಯ ಪಕ್ಕ ಮಾರವಾಡಿ, ಮಾರವಾಡಿಯ ಪಕ್ಕ ಗುಜರಾತಿ, ಅದರ ಎದುರಿಗೆ ಮುಸಲ್ಮಾನರ ಅಂಗಡಿ. ಒಬ್ಬರ ಮಾಲು ಇನ್ನೊಬ್ಬರ ಉದ್ರಿಯ ಮೇಲೆ ಓಡುತ್ತದೆ. ಸದಸ್ಯತ್ವದ ವರ್ಗಣಿ ಎಲ್ಲರಿಂದಲೂ ವಸೂಲಿ ಮಾಡುವ ಸಂಘ, ಕಲ್ಲು ಬೀಳುವ ದಿನ ಒಬ್ಬ ಸದಸ್ಯನನ್ನು ಒಂಟಿ ಮಾಡಿದರೆ ಅದು ಸಂಘವೇ ಅಲ್ಲ. ಪೇಟೆ ಒಡೆದರೆ ಶತ್ರುವಿಗೆ ಖರ್ಚಿಲ್ಲದ ಗೆಲುವು.

ಪಟ್ಟಿಯ ಲೆಕ್ಕ

ಈಗ ಪಟ್ಟಿಯ ಮಾತು. ಹಿಂದೆ ದಲಾಲಿ ಅಂಗಡಿಗಳಲ್ಲಿ ರೈತನ ಲೆಕ್ಕದಿಂದ ಧರ್ಮಾದಾಯ ಎಂದು ನಾಲ್ಕು ಕಾಸು ಮುರಿದುಕೊಳ್ಳುವ ರೂಢಿ ಇತ್ತು. ರೊಕ್ಕ ರೈತನದು, ಪುಣ್ಯ ಸಾವ್ಕಾರನದು. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಯುದ್ಧದ ಪಟ್ಟಿಗೂ ಈ ರೋಗ ಹತ್ತಬಾರದು. ಗಿರಾಕಿಯ ಬಿಲ್ಲಿನ ಮೇಲೆ ಏರಿಸಿದ ರೊಕ್ಕವನ್ನೇ ಸೈನಿಕ ನಿಧಿಗೆ ಕೊಟ್ಟು ದಾನಿ ಎನ್ನಿಸಿಕೊಳ್ಳುವುದು ಸಲ್ಲದು.

ಹಣ ಎಲ್ಲಿಗೆ ಹೋಗಬೇಕೆಂಬುದೂ ಹಲವರಿಗೆ ತಿಳಿದಿಲ್ಲ. ರಾಷ್ಟ್ರೀಯ ರಕ್ಷಣಾ ನಿಧಿಯ ಸಮಿತಿಗೆ ಪ್ರಧಾನಿಯೇ ಅಧ್ಯಕ್ಷರು. ರಕ್ಷಣೆ, ಹಣಕಾಸು, ಗೃಹ ಸಚಿವರು ಸದಸ್ಯರು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಅರೆಸೇನಾ ಪಡೆಗಳ ಹುತಾತ್ಮರ ಕುಟುಂಬಗಳಿಗೆ 2017ರಿಂದ ‘ಭಾರತ್ ಕೆ ವೀರ್’ ಎಂಬ ಬೇರೆ ವ್ಯವಸ್ಥೆ ಇದೆ. ಪುಲ್ವಾಮಾದಲ್ಲಿ ಮಡಿದ ಮಂಡ್ಯ ಜಿಲ್ಲೆ ಗುಡಿಗೆರೆಯ ಎಚ್. ಗುರು ಸಿಆರ್‌ಪಿಎಫ್ ಯೋಧ. ಇವೆರಡೂ ಅಲ್ಲದೆ ಪ್ರತಿವರ್ಷ ಡಿಸೆಂಬರ್ 7ರಂದು, 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯ ನಿಧಿಯೂ ಉಂಟು. ಹೀಗೆ ನೇರವಾಗಿ ಕೊಡಲು ರಾಜಮಾರ್ಗವಿರುವಾಗ ಸಂಘದ ಕಪಾಟಿನಲ್ಲಿ ತಿಂಗಳುಗಟ್ಟಲೆ ಹಣ ಕೂಡಿಡುವ ಅಗತ್ಯವೇ ಇಲ್ಲ.

ಇನ್ನು ಪಾವತಿಯ ವಿಷಯ. ರಕ್ಷಣಾ ನಿಧಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುವ ಅವಕಾಶವಿದೆ. ಇನ್ನೂರು ಸಣ್ಣ ಅಂಗಡಿಗಳಿಂದ ಎತ್ತಿದ ಪಟ್ಟಿ ಒಂದೇ ಚೆಕ್ಕಾಗಿ ಒಂದೇ ಹೆಸರಿನಲ್ಲಿ ಹೋದರೆ ಪಾವತಿಯೂ ಒಂದೇ ಹೆಸರಿಗೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಯಾರು ಎಷ್ಟು ಕೊಟ್ಟರು, ಒಟ್ಟು ಎಷ್ಟಾಯ್ತು, ಯಾವ ತಾರೀಖಿಗೆ ಎಲ್ಲಿಗೆ ಹೋಯ್ತು ಎಂಬ ನಾಲ್ಕು ಸಾಲನ್ನು ಸಂಘದ ಬೋರ್ಡಿಗೆ ಹಚ್ಚಲು ಎಷ್ಟು ಖರ್ಚು? ದಿನವೂ ಸಂಜೆ ಪೈಸೆ ಪೈಸೆಗೆ ಲೆಕ್ಕ ಕೂಡಿಸದೆ ಅಂಗಡಿಯ ಕದ ಹಾಕದವರು, ದೇಶದ ಹೆಸರಿನಲ್ಲಿ ಎತ್ತಿದ ಹಣಕ್ಕೆ ಮಾತ್ರ ಬಾಯಿಲೆಕ್ಕ ಸಾಕೆಂದರೆ ಯಾರು ನಂಬುತ್ತಾರೆ?

ಊರಿಗೆ ಮರಳುವ ಹುಡುಗರು

ಸೈನಿಕನ ಕಷ್ಟ ಯುದ್ಧದ ದಿನಗಳಿಗೇ ಸೀಮಿತವಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಈ ಜಿಲ್ಲೆ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಹನುಮಂತಪ್ಪನವರೊಬ್ಬರೇ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಆಗ ಯುದ್ಧ ನಡೆಯುತ್ತಿರಲಿಲ್ಲ. ಸೈರನ್ ಇರಲಿಲ್ಲ, ನಿರ್ಣಯಗಳಿರಲಿಲ್ಲ. ಹೀಗಿರುವಾಗ ಯುದ್ಧದ ನಾಲ್ಕು ದಿನ ಎಚ್ಚರವಿದ್ದು ಉಳಿದ 361 ದಿನ ನಿದ್ದೆ ಹೋದರೆ ಅದನ್ನು ಸೈನಿಕರ ಬೆಂಬಲ ಎನ್ನಲಾಗದು.

ಇಲ್ಲೇ ವರ್ತಕರ ಸಂಘಗಳ ಕೈಯಲ್ಲಿ, ಅವರ ಕೈಯಲ್ಲಿ ಮಾತ್ರವೇ, ಇರುವ ಒಂದು ಕೆಲಸವಿದೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಸೇರಿದ ಹುಡುಗರಿಗೆ ನಾಲ್ಕು ವರ್ಷದ ನೌಕರಿ. ನೂರಕ್ಕೆ 25 ಮಂದಿಯವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಕೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಹಿಡಿದುಕೊಂಡು ಊರಿಗೆ ಮರಳಬೇಕು. ಪಿಂಚಣಿ ಇಲ್ಲ. ಮೊದಲ ತಂಡದವರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ನಾಲ್ಕು ವರ್ಷದ ಲೆಕ್ಕ ಬೆರಳೆಣಿಸಿದರೆ ಸಿಗುತ್ತದೆ. ಇಪ್ಪತ್ತೆರಡು-ಇಪ್ಪತ್ತೈದರ ವಯಸ್ಸು, ಗಟ್ಟಿ ಮೈ, ಶಿಸ್ತು ಕಲಿತ ಕೈ, ಮುಂದೆ ಇಡೀ ಬಾಳು.

ಅವರಿಗೆ ಬೇಕಾದದ್ದು ಹಾರ-ಶಾಲು ಅಲ್ಲ, ಕೆಲಸ. ಗೋದಾಮಿನ ಉಸ್ತುವಾರಿ, ಲಾರಿ ಸಾಗಣೆಯ ಮೇಲ್ವಿಚಾರಣೆ, ಯಂತ್ರಗಳ ರಿಪೇರಿ, ಲೆಕ್ಕದ ಕೆಲಸ, ಇವೆಲ್ಲ ಪೇಟೆಯಲ್ಲಿ ಇರುವಂಥವೇ. ಮಾಜಿ ಸೈನಿಕ ಎಂದರೆ ಬಾಗಿಲಲ್ಲಿ ಕೋಲು ಹಿಡಿದು ನಿಲ್ಲಿಸುವ ಪಹರೆಯವನು ಎಂಬ ಹಳೆಯ ಅಭ್ಯಾಸ ಮೊದಲು ಹೋಗಬೇಕು. ಪ್ರತಿ ಸಂಘವೂ ತನ್ನ ಸದಸ್ಯರಲ್ಲಿ ಯಾರಿಗೆ ಎಂಥ ಕೆಲಸಗಾರ ಬೇಕೆಂದು ಒಂದು ವಹಿಯಲ್ಲಿ ಬರೆದು, ಅದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕೊಟ್ಟರೆ ಸಾಕು. ಸೇವಾ ನಿಧಿಯ ಹಣದಲ್ಲಿ ಅಂಗಡಿ ಹಾಕುತ್ತೇನೆಂದು ಬರುವ ಹುಡುಗನಿಗೆ ಎಲ್ಲಿ ಮಾಲು ಕೊಳ್ಳಬೇಕು, ಎಷ್ಟು ಉದ್ರಿ ಕೊಡಬೇಕು, ಯಾರ ಮಾತಿಗೆ ಮರುಳಾಗಬಾರದು ಎಂದು ಹೇಳಿಕೊಡಬಲ್ಲವರು ವರ್ತಕರಲ್ಲದೆ ಇನ್ನಾರು? ಬ್ಯಾಂಕಿನ ಮ್ಯಾನೇಜರನಿಗೆ ಆ ವಿದ್ಯೆ ಗೊತ್ತಿಲ್ಲ.

ಹುಬ್ಬಳ್ಳಿಯ ವರ್ತಕರಿಗೆ ಸಂಘ ಕಟ್ಟುವುದು ಹೊಸದಲ್ಲ. ಇಲ್ಲಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಹುಟ್ಟಿದ್ದು 1928ರಲ್ಲಿ. ರಾಜ್ಯ ಒಂದಾಗುವುದಕ್ಕೆ ಎಷ್ಟೋ ಮೊದಲೇ ಹುಟ್ಟಿದ ಹೆಸರು ಅದು. ಇಷ್ಟು ಹಳೆಯ ಪರಂಪರೆಯ ಪೇಟೆಗೆ ಇಷ್ಟು ಕೆಲಸ ದೊಡ್ಡದಾಗಲಾರದು.

ಮುಂದಿನ ಡಿಸೆಂಬರ್ 7ಕ್ಕೆ ಇದನ್ನು ಆರಂಭಿಸಬಹುದು. ಆ ದಿನ ಸಂಘದ ಕಚೇರಿಯ ಗೋಡೆಗೆ ಮೂರು ಕಾಗದ ಹಚ್ಚಲಿ. ಒಂದರಲ್ಲಿ ಕಳೆದ ಪಟ್ಟಿಯ ಪೂರ್ತಿ ಜಮಾ-ಖರ್ಚು. ಎರಡನೆಯದರಲ್ಲಿ ತುರ್ತು ಕಾಲದಲ್ಲಿ ಹಳೆಯ ದಾಸ್ತಾನನ್ನು ಹಳೆಯ ರೇಟಿಗೇ ಮಾರುತ್ತೇವೆಂದು ಸಹಿ ಮಾಡಿದ ಸದಸ್ಯರ ಹೆಸರು, ಸಗಟಿನವರದು ಮೇಲೆ, ಚಿಲ್ಲರೆಯವರದು ಕೆಳಗೆ. ಮೂರನೆಯದರಲ್ಲಿ ಸೇನೆಯಿಂದ ಮರಳಿದವರಿಗೆ ಆ ವರ್ಷ ಕೆಲಸ ಕೊಟ್ಟ ಅಂಗಡಿಗಳ ಪಟ್ಟಿ. ಮೊದಲ ವರ್ಷ ಮೂರನೆಯ ಕಾಗದದಲ್ಲಿ ಎರಡೇ ಹೆಸರು ಇದ್ದರೂ ಚಿಂತೆಯಿಲ್ಲ. ಖಾಲಿ ಕಾಗದವನ್ನಾದರೂ ಹಚ್ಚಲಿ. ಅದನ್ನು ದಿನವೂ ನೋಡುವ ಅಧ್ಯಕ್ಷರಿಗೆ ನಾಚಿಕೆಯಾಗಿ ಮುಂದಿನ ವರ್ಷದೊಳಗೆ ತುಂಬಿಸಿಯಾರು.